ಗಾಳಿ ಬಿಡಿಸುವ ಗಾಡಿ

ಕಳೆದ ತಿಂಗಳು ಲಿಂಗಸುಗೂರಿನ ಪೆಟ್ರೋಲ್ ಬಂಕೊಂದರಲ್ಲಿ ಕಾರಿನ ಟೈರಿಗೆ ಗಾಳಿ ತುಂಬಿಸುತ್ತ ನಿಂತಿದ್ದೆ. ಕೆಲಸದವನು ಪೈಪು ಕಿತ್ತ ಕ್ಷಣ ಬಿಸಿ ಎಣ್ಣೆ ಮತ್ತು ರಬ್ಬರಿನ ವಾಸನೆ ಬೆರೆತ ಗಾಳಿ ಮುಖಕ್ಕೆ ಬಡಿಯಿತು. ಮಸ್ಕಿಯ ಮಿಸ್ತ್ರಿ ಇಲ್ಲೇ ಎಲ್ಲೋ ಗಾಡಿಯ ಕೆಳಗೆ ಮಲಗಿದ್ದಾರೆ ಅನ್ನಿಸಿ, ನನಗರಿವಿಲ್ಲದೆ ಬಗ್ಗಿ ನೋಡಿದೆ...

ಅದು ತೊಂಬತ್ತರ ದಶಕದ ಆರಂಭ. ನಾವು ಕೆಲವು ಗೆಳೆಯರು ಸಿಂಧನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತ, ಆರೋಗ್ಯದ ತಿಳಿವಳಿಕೆ ಹೇಳುತ್ತ ತಿರುಗುತ್ತಿದ್ದೆವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನನಗೆ, ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಒಪ್ಪದ ಮನುಷ್ಯನೇ ಇರಲಾರನೆಂಬ ದೃಢ ನಂಬಿಕೆಯಿತ್ತು. ದೆವ್ವವಿಲ್ಲ, ಮಾಟವಿಲ್ಲ, ಮೈಮೇಲೆ ಬರುವ ಗಾಳಿ ಎಂಬುದೂ ಇಲ್ಲ ಎಂದು ಸಾಧಿಸುವುದು ನನ್ನ ಮೆಚ್ಚಿನ ಭಾಷಣ. ಆದರೆ ಭಾಷಣಕ್ಕಿಂತ ಮೊದಲು ಹಳ್ಳಿ ತಲುಪಬೇಕಿತ್ತು. ಯಾರೋ ಪುಣ್ಯಾತ್ಮರು ಕೊಟ್ಟಿದ್ದ ನಮ್ಮ ಹಳೆಯ ಜೀಪು, ಮಳೆ ಬಿದ್ದ ಎರೆ ಮಣ್ಣಿನಲ್ಲಿ ಹೂತು ನಿಂತರೆ ಎತ್ತುಗಳೇ ಬಂದು ಎಳೆಯಬೇಕಾಗುತ್ತಿತ್ತು.

ಮಸ್ಕಿಯ ತಮ್ಮ ಗ್ಯಾರೇಜಿನಲ್ಲಿ ಜೀಪನ್ನು ರಿಪೇರಿ ಮಾಡುತ್ತಿದ್ದವರೂ, ಕಷ್ಟದ ದಾರಿಯಿದ್ದಾಗ ತಾವೇ ಓಡಿಸಲು ಬರುತ್ತಿದ್ದವರೂ ಈ ಮಿಸ್ತ್ರಿಯೇ. ಒಂದು ದಿನ ಅವರು ಹೇಳಿದರು: "ಕೆಸರಿನ್ಯಾಗ ಟೈರಿನ ಗಾಳಿ ಅರ್ಧ ಇಳಿಸ್ಬೇಕ್ರಿ ಸರ. ರೊಟ್ಟಿ ತಟ್ಟಿದಂಗ ಅಗಲ ಆಕ್ಕೈತಿ, ಹುಗ್ಯಾಂಗಿಲ್ಲ."

"ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬುವವರು ಯಾರು?" ಎಂದೆ.

"ಅದಕ್ಕ ಗಾಳೀನೂ ಜೋಡೀಲೆ ಒಯ್ಯೂಣು."

ಗುಜರಿಗೆ ಬಿದ್ದಿದ್ದ ಲಾರಿಯೊಂದರ ಬ್ರೇಕಿಗೆ ಗಾಳಿ ಒತ್ತಿ ತುಂಬುವ ಕಂಪ್ರೆಸರನ್ನು ಅವರು ಎಲ್ಲಿಂದಲೋ ತಂದಿದ್ದರು. ಅದನ್ನು ಜೀಪಿನ ಎಂಜಿನ್ನಿನ ಮಗ್ಗುಲಿಗೆ ಕೂರಿಸಲು ಕಬ್ಬಿಣದ ಪಟ್ಟಿಗಳನ್ನು ಬೆಸೆದರು. ಎಂಜಿನ್ ತಿರುಗಿದಂತೆ ಅದೂ ತಿರುಗಲೆಂದು ಬೆಲ್ಟು ಹಾಕಿದರು. ಎಂಜಿನ್ನಿನ ಎಣ್ಣೆ ಅದಕ್ಕೂ ಹರಿದು ಮರಳುವಂತೆ ಎರಡು ಪೈಪು ಜೋಡಿಸಿದರು. ಹಿಂದಿನ ಸೀಟಿನ ಕೆಳಗೆ ಗಾಳಿ ಕೂಡಿಡುವ ಟ್ಯಾಂಕು. ಮೊದಲ ಸಲ ಬೆಲ್ಟು ಅರ್ಧ ದಾರಿಗೇ ಕಿತ್ತುಬಂತು. ಆಮೇಲೆ ಅವರು ಬೆಲ್ಟು ಹಾಯುವ ಎರಡು ಪುಲ್ಲಿಗಳ ಅಂಚಿಗೆ ಒಂದು ದಾರವನ್ನು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ದಾರಕ್ಕೂ ಪುಲ್ಲಿಗೂ ನಡುವೆ ಒಂದು ಭತ್ತದ ಕಾಳು ಹಿಡಿಸುವಷ್ಟು ಸಂದಿತ್ತು. ಅಷ್ಟಕ್ಕಾಗಿ ಇಡೀ ಜೋಡಣೆಯನ್ನು ಬಿಚ್ಚಿದರು. ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ಅವರು ಉತ್ತರದ ಬದಲು ನನ್ನ ಕೈಗೆ ನಟ್ಟು ತಿರುವುವ ಪಾನಾ ಕೊಟ್ಟು, "ನೀವ ತಿರುವಿ ನೋಡ್ರಿ, ತಿಳೀತೈತಿ" ಅನ್ನುತ್ತಿದ್ದರು. ಬಹಳಷ್ಟು ಸಲ ತಿಳಿಯುತ್ತಲೂ ಇತ್ತು...

ಜೀಪು ಕೆಸರು ದಾಟತೊಡಗಿತು. ಹಳ್ಳಿಯಂಚಿನಲ್ಲಿ ನಿಂತು ಸುಯ್ ಎಂದು ಗಾಳಿ ಬಿಡುವುದನ್ನು ಜನ ಕಂಡರು. ಮಾತು ಊರಿಂದೂರಿಗೆ ಹೋಗುವಷ್ಟರಲ್ಲಿ ನಮ್ಮದು 'ಗಾಳಿ ಬಿಡಿಸುವ ಗಾಡಿ' ಆಗಿತ್ತು. ಗಾಳಿ ಎಂಬುದೇ ಇಲ್ಲವೆಂದು ಸಾರಲು ಹೊರಟವನ ವಾಹನಕ್ಕೆ ಆ ಹೆಸರು! ನಾನು ನಾಚಿಕೊಂಡೆ. ಮಿಸ್ತ್ರಿ ಮಾತ್ರ ಮಸ್ಕಿಯವರೆಗೂ ನಗುತ್ತ ಬಂದರು.

ಒಂದು ಮಧ್ಯಾಹ್ನ ನಾನೂ ಮಿಸ್ತ್ರಿಯೂ ತುರ್ವಿಹಾಳದಿಂದ ಒಳಗಿನ ಹಳ್ಳಿಯೊಂದರಲ್ಲಿದ್ದೆವು. ಬೆಳಿಗ್ಗೆ ನಾವು ಬಂದಿಳಿದ ಮೇಲೆ ಮಳೆ ಸುರಿದಿತ್ತು. ಹಿರಿಯ ಹೆಂಗಸೊಬ್ಬರು ಓಡಿಬಂದು ನಮ್ಮನ್ನು ಮನೆಗೆ ಕರೆದೊಯ್ದರು. ಒಳಗೆ ಅವರ ಸೊಸೆ, ಎಂಟು ದಿನದ ಬಾಣಂತಿ, ಕೆಂಡದಂಥ ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದಳು.

"ಗಾಳಿ ಬಡದೈತಿ ಯಪ್ಪಾ. ನಿಮ್ಮ ಗಾಡಿ ಬಿಡಸ್ತೈತಂತಲ್ಲ?"

"ಇದು ಗಾಳಿಯಲ್ಲಮ್ಮ, ಬಾಣಂತಿ ಜ್ವರ. ಈಗಲೇ ಸಿಂಧನೂರಿನ ದವಾಖಾನೆಗೆ ಒಯ್ಯಬೇಕು. ಮೊದಲನೆಯದಾಗಿ..." ಎಂದು ನಾನು ಆರಂಭಿಸಿದೆ. ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ಅತ್ತೆ ನನ್ನನ್ನು ತಡೆದರು.

"ಮಾಸ್ತರ, ನೀ ಭಾಷಣ ಮಾಡಾಕ ಬಂದೀಯೋ, ಬಿಡಸಾಕ ಬಂದೀಯೋ? ಗಾಳಿ ಬಿಡೂತನಕ ಬಾಣಂತಿನ ಊರ ದಾಟ್ಸಾಂಗಿಲ್ಲ."

ಗಂಡಸರೂ ತಲೆಯಾಡಿಸಿದರು. ನನ್ನ ಬಳಿ ಇನ್ನೂ ಮೂರು ಕಾರಣಗಳಿದ್ದವು. ಆ ಬಾಣಂತಿಗೆ ಅಷ್ಟು ಸಮಯ ಉಳಿದಿದ್ದಂತೆ ಕಾಣಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಮಿಸ್ತ್ರಿ ಕೈಯೊರೆಸಿಕೊಳ್ಳುತ್ತ ಅಂದರು: "ಗಾಳಿ ಬಿಡತೀನಿ ಯವ್ವಾ. ಆದರ ಆಕಿ ಗಾಡಿ ಹತ್ತಿದ ಮ್ಯಾಲೆ ಬಿಡತೀನಿ."

ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ತಂದು ಮಲಗಿಸಿದರು. ಅತ್ತೆ ಕೂಸನ್ನು ಅವುಚಿಕೊಂಡು ಹತ್ತಿದರು. ಮಿಸ್ತ್ರಿ ಒಂದೊಂದೇ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ಗಾಳಿ ಬಿಟ್ಟರು. ಸುಯ್ ಎಂಬ ಸದ್ದಿಗೆ ಜನ ಹಿಂದೆ ಸರಿದರು. ನಾಲ್ಕನೆಯ ಚಕ್ರಕ್ಕೆ ಯಾರೋ, "ಹೋತು! ಹೋತು!" ಎಂದು ಕೂಗಿದರು. ಅತ್ತೆ ಕೈಮುಗಿದರು. ಅದು ಸುಳ್ಳೆಂದು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಕಾಲುವೆ ದಂಡೆಯ ಕೆಸರಿನಲ್ಲಿ ಜೀಪು ಬಸುರಿ ಎಮ್ಮೆಯಂತೆ ಓಲಾಡುತ್ತ ಸಾಗಿತು, ಎಲ್ಲಿಯೂ ಹೂತುಹೋಗಲಿಲ್ಲ. ಡಾಂಬರು ಸಿಕ್ಕ ಕೂಡಲೇ ಮಿಸ್ತ್ರಿ ನಿಲ್ಲಿಸಿ, ಪೈಪು ಬಿಚ್ಚಿ ಟೈರಿಗೆ ಹಚ್ಚಿದರು. ಅತ್ತೆ ಗಾಬರಿಯಾಗಿ ಹೊರಗೆ ಬಗ್ಗಿದರು.

"ಏ ಮಿಸ್ತ್ರಿ, ಏನ್ ಮಾಡಾಕತ್ತೀಯೋ? ಮತ್ತ ತುಂಬಾಕತ್ತೀಯೇನು?"

"ಇದು ಬ್ಯಾರೆ ಗಾಳಿ ಯವ್ವಾ, ಕಾಲುವಿ ದಂಡೀದು. ತಂಪೈತಿ."

ನಾನು ಬೇಗ, ಬೇಗ ಎನ್ನುತ್ತಿದ್ದೆ. ನಾಲ್ಕೂ ಟೈರು ಗಟ್ಟಿಯಾಗುವವರೆಗೆ ಅವರು ಅಲುಗಲಿಲ್ಲ. ನಂತರ ಓಡಿಸಿದ ವೇಗ ಈಗಲೂ ನೆನಪಿದೆ... ಆಕೆ ಬದುಕಿದಳು. ಎರಡು ವಾರಕ್ಕೆ ಕೂಸಿನೊಂದಿಗೆ ಮನೆಗೆ ಮರಳಿದಳು.

ದವಾಖಾನೆಯ ಹೊರಗೆ ನಾನು ಮಿಸ್ತ್ರಿಯೊಂದಿಗೆ ಜಗಳಕ್ಕೇ ನಿಂತೆ. ನೀವು ಮೂಢನಂಬಿಕೆಗೆ ನೀರೆರೆದಿರಿ ಎಂದೆ.

"ಗಾಳಿ ಬಿಡತೀನಿ ಅಂದೆ, ಬಿಟ್ಟೆ. ಸುಳ್ಳೆಲ್ಲೈತ್ರಿ ಸರ?"

"ಅವರು ತಿಳಿದುಕೊಂಡದ್ದು ಬೇರೆ ಗಾಳಿ."

"ಅದು ಅವರ ಗಾಳಿ. ನಂದು ಟೈರಿನ್ಯಾಗ ಇತ್ತು."

ನನ್ನ ಆಕ್ಷೇಪಣೆ ಹುರುಳಿಲ್ಲದ್ದಾಗಿರಲಿಲ್ಲ. ಮರುವರ್ಷ ಅದೇ ಹಳ್ಳಿಯ ಸಭೆಯಲ್ಲಿ ಅದೇ ಅತ್ತೆ ಎದ್ದು ನಿಂತು, "ಗಾಳಿ ಇಲ್ಲಂತೀಯಲ್ಲೋ ಮಾಸ್ತರ, ನಿನ್ನ ಗಾಡ್ಯಾಗ ಬಿಟ್ಟು ಹೋತಲ್ಲ?" ಎಂದರು. ಊರೆಲ್ಲ ನಕ್ಕಿತು.  ಅವರ ಕಂಕುಳಲ್ಲಿ ಮೊಮ್ಮಗಳಿದ್ದಳು.

ಮುಂದೆ ನಮ್ಮ ಕೆಲಸ ಚದುರಿತು. ನಾನು ಬೇರೆ ಊರಿನ ನೌಕರಿಗೆ ಹೋದೆ. ಆ ವಾದವನ್ನು ಮಾತ್ರ ಮನಸ್ಸಿನಲ್ಲೇ ಎಷ್ಟೋ ಸಲ ಮುಂದುವರಿಸಿದ್ದೇನೆ, ಎರಡೂ ಪಕ್ಷಗಳಿಂದ. ಪ್ರತಿ ಸಲವೂ ಒಂದೇ ಕಡೆ ಎಡವುತ್ತೇನೆ: ಮಿಸ್ತ್ರಿ ಸ್ವತಃ ಆ ಗಾಳಿಯನ್ನು ನಂಬುತ್ತಿದ್ದರೇ? ಬೆಲ್ಟು, ಎಣ್ಣೆ, ಒತ್ತಡ, ಎಲ್ಲದರ ಬಗ್ಗೆಯೂ ಕೇಳಿದ್ದ ನಾನು ಅದೊಂದನ್ನು ಕೇಳಿರಲಿಲ್ಲ. ನಂಬುವುದಿಲ್ಲವೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ.

ಬಂಕಿನಿಂದ ಹೊರಟವನು ನೇರ ಮಸ್ಕಿಗೆ ಹೋದೆ. ಗ್ಯಾರೇಜಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಪಕ್ಕದ ಚಹದಂಗಡಿಯವರನ್ನು ವಿಚಾರಿಸಿದೆ.

"ಮಿಸ್ತ್ರಿ ತೀರಿಕೊಂಡು ಆರು ವರ್ಷ ಆತಲ್ರಿ," ಎಂದರು ಅವರು. "ಏನರ ಕೆಲಸಿತ್ತೇನ್ರಿ?"

"ಒಂದು ಮಾತು ಕೇಳಬೇಕಿತ್ತು," ಎಂದೆ.

ಅವರು ನನ್ನ ಮುಖ ನೋಡಿ, ಬೆಂಚನ್ನು ಒರೆಸಿ, "ಕೂಡ್ರಿ," ಎಂದರು.