ಕುರಿ ಕೂತ ಹೊಲ ಯಾರ ಕಬಜೆಯಲ್ಲಿ?

“ಕುರಿ ಕೂತ ಹೊಲ ಯಾರ ಕಬಜೇದಾಗ ಇರ್ತದ?”

ಬೆಳಗಿನ ಆರು ಗಂಟೆ. ವಿದ್ಯಾಗಿರಿಯ ಕಾನೂನು ಕಾಲೇಜಿನ ಕೋಣೆಯಲ್ಲಿ, ಖಾಲಿ ಬೆಂಚುಗಳ ಮುಂದೆ ನಿಂತು ಪ್ರಾಧ್ಯಾಪಕ ಪಂಢರೀನಾಥ ಉಮರ್ಜಿ ಕೇಳುತ್ತಾರೆ. ಉತ್ತರಿಸಲು ಯಾರೂ ಬಂದಿಲ್ಲ. ಕಸ ಗುಡಿಸುತ್ತಿರುವ ಸಿಪಾಯಿ ಸುಭಾನಸಾಬ ಮಾತ್ರ ನಗುತ್ತಾನೆ: “ನಾಕ್ ದಿನಾ ಆತ್ರಿ ಸರ, ಆ ಕುರಿ ಇನ್ನೂ ಎದ್ದಿಲ್ಲೇನ್ರಿ?”

ಉಮರ್ಜಿಯವರು ಪಾಠ ಹೇಳಲು ಹತ್ತಿ ಈ ೧೯೮೧ಕ್ಕೆ ಹದಿಮೂರು ವರ್ಷ. ಬಾದಾಮಿ, ಹುನಗುಂದದಿಂದ ಮೊದಲ ಬಸ್ಸಿಗೆ ಬರುವ ಗುಮಾಸ್ತರು, ಸಾಲಿ ಮಾಸ್ತರರೇ ಹೆಚ್ಚಿನ ವಿದ್ಯಾರ್ಥಿಗಳು. ಕಾಯ್ದೆಯ ಪುಸ್ತಕಗಳೆಲ್ಲ ಇಂಗ್ಲಿಷಿನವು. ಅವನ್ನು ಕನ್ನಡಕ್ಕೆ ಇಳಿಸಿ ಇವರು ಇಪ್ಪತ್ತಾರು ನೋಟುಬುಕ್ಕು ತುಂಬಿದ್ದಾರೆ. ದಿನಕ್ಕೆ ಮೂರು ತಾಸು ಅದನ್ನೇ ಹೇಳಿ ಬರೆಸಿ ಗಂಟಲು ಒಡೆದಿದೆ. ಆ ನೋಟುಬುಕ್ಕುಗಳ ನಕಲು ಇಲ್ಲದ ವಕೀಲರ ಚೀಲ ಈ ಸೀಮೆಯಲ್ಲಿ ಕಡಿಮೆ. ಆ ನಕಲುಗಳ ಮೇಲೆ ಇವರ ಹೆಸರಿಲ್ಲ.

ಈಗಿನ ಗೊಂದಲ ತಂದವನು ಮುತ್ತಪ್ಪ. ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆತನದಿಂದ ಕಾನೂನು ಓದಲು ಬಂದ ಮೊದಲಿಗ. ಮಾಲಕನ ಪರವಾನಗಿ ಪಡೆದು ಹೊಲದಲ್ಲಿರುವವನಿಗೆ ಕಬಜೆ, ಅಂದರೆ ಸ್ವಾಧೀನ, ಉಂಟೇ ಎಂಬುದು ಕಾಲೇಜಿನ ಪರೀಕ್ಷೆಯ ಪ್ರಶ್ನೆ. ಇಲ್ಲ ಎನ್ನುತ್ತದೆ ಪುಸ್ತಕ. ಮುತ್ತಪ್ಪ ಬರೆದದ್ದು ಬೇರೆ: ಗೊಬ್ಬರಕ್ಕೆಂದು ಕುರಿ ಕೂಡಿಸಿದ ಹೊಲ ರಾತ್ರಿ ಕುರಿಯವನದು, ಹಗಲು ಮಾಲಕನದು.

ಉಮರ್ಜಿ ಸೊನ್ನೆ ಹಾಕಿದರು. ಪಾಸಾಗಲು ಅವನಿಗೆ ಎರಡೇ ಅಂಕ ಕಡಿಮೆ. ಅಂಕಗಳ ಯಾದಿ ಇವತ್ತು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಫೇಲಾದವರು ವರ್ಷದ ಪರೀಕ್ಷೆಗೆ ಕೂಡುವಂತಿಲ್ಲ.

ಸೊನ್ನೆ ಹಾಕಿದ ಮೇಲೆ, ಹೋದ ರವಿವಾರ ಬೆಳಿಗ್ಗೆ ಗುಳೇದಗುಡ್ಡದ ಹಾದಿಯಲ್ಲಿ ಇವರು ಒಂದು ಹೊಲ ನೋಡಿದ್ದಾರೆ. ಸುಭಾನಸಾಬನಿಗೆ ಅದನ್ನೇ ಹೇಳುತ್ತಾರೆ: “ಮಾಲಕ ಬದುವಿನ ಮ್ಯಾಲೆ ನಿಂತು, ‘ಒಳಗ ಬರಲೇನಪಾ?’ ಅಂತ ಕುರಿಯವಗ ಕೇಳಲಿಕ್ಕ ಹತ್ತಿದ್ದ. ತನ್ನ ಹೊಲಕ್ಕ ತಾನ! ಕುರಿಯವನ ನಾಯಿಗೆ ಅಂಜಿ ಕೇಳಿದನೋ, ಹಕ್ಕು ತಿಳದು ಕೇಳಿದನೋ? ನನಗ ತಿಳೀವಲ್ತು. ಹದಿಮೂರು ವರ್ಷ ನಾ ಏನ್ ಹೇಳಿಕೊಟ್ಟೆ ಅನ್ನೂದೂ ತಿಳೀವಲ್ತು.”

ಏಳಕ್ಕೆ ಮುತ್ತಪ್ಪ ಬರುತ್ತಾನೆ. ಉಮರ್ಜಿ ಅವನ ಮುಂದೆ ಬಿಳಿ ಹಾಳೆ, ತಮ್ಮದೇ ಪೆನ್ನು ಇಡುತ್ತಾರೆ.

“ಪುಸ್ತಕದಾಗ ಇದ್ದಂಗ ಎರಡು ಸಾಲು ಬರದುಕೊಡು. ಸೊನ್ನೆ ಹೊಡದುಹಾಕ್ತೇನಿ. ನಿನ್ನ ವರ್ಷ ಉಳೀತದ.”

“ನಾ ಬರದದ್ದು ತಪ್ಪೇನ್ರಿ ಸರ?”

“ಅದ ನನಗ ಗೊತ್ತಾಗವಲ್ದಪಾ.”

ಮುತ್ತಪ್ಪ ಪೆನ್ನು ಎತ್ತಿಕೊಳ್ಳುತ್ತಾನೆ. ಹಾಳೆಯನ್ನೇ ನೋಡುತ್ತಾನೆ. “ಹಂಗ ಬರದ್ರ, ನಮ್ಮಪ್ಪ ಇಷ್ಟು ವರ್ಷ ರಾತ್ರಿ ಕುರಿ ಕಾಯ್ಕೋತ ಕುಂತದ್ದು ಎಲ್ಲಿರಿ?”

ಬಾಗಿಲಲ್ಲಿ ಸುಭಾನಸಾಬ: “ಬಸ್ಸಿನ ಹೊತ್ತಾತ್ರಿ ಸರ, ಯಾದಿ ಕೊಡ್ರಿ.”

ಉಮರ್ಜಿ ಹಾಳೆಯನ್ನು ಇನ್ನಷ್ಟು ಹತ್ತಿರ ಸರಿಸುತ್ತಾರೆ. “ಎರಡ ಸಾಲು, ಬರಿಯಪಾ.”

ಮುತ್ತಪ್ಪ ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಡುತ್ತಾನೆ.

“ಒಲ್ಲೆರಿ.”