ಬೇಡ ಅಂದಳಂತೆ ಊರ್ಮಿಳಾ

ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಕನ್ನಡ ಹೆಂಗಸರ ಥ್ರೋಬಾಲ್ ತಂಡ ಎಂದರೆ ಎರಡು ಹೆಸರು. ಒಂದು ಕ್ಯಾಪ್ಟನ್ ಶ್ರೀವಿದ್ಯಾ, ಇನ್ನೊಂದು ವೈಸ್ ಕ್ಯಾಪ್ಟನ್ ಊರ್ಮಿಳಾ. ಶ್ರೀವಿದ್ಯಾ ಟಾಸಿಗೆ ಹೋಗುತ್ತಿದ್ದಳು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದಳು, ಗೆದ್ದ ದಿನ ಮೈಕ್ ಹಿಡಿದು ಮಾತಾಡುತ್ತಿದ್ದಳು. ಊರ್ಮಿಳಾ ಎಲ್ಲರ ಜೆರ್ಸಿಗಳನ್ನು ಮನೆಗೆ ಒಯ್ದು ಒಗೆಯುತ್ತಿದ್ದಳು. ಹಳದಿ ಜೆರ್ಸಿಯ ಕೆಂಪು ಪಟ್ಟಿ ಬಣ್ಣ ಬಿಡುತ್ತಿದ್ದರಿಂದ ಅವನ್ನು ಮಷೀನಿಗೆ ಹಾಕುವಂತಿರಲಿಲ್ಲ; ಉಪ್ಪುನೀರಿನಲ್ಲಿ ನೆನೆಸಿ, ಕೈಯಲ್ಲೇ ಹಿಂಡಿ, ಹಿತ್ತಲಿನ ಹಗ್ಗಕ್ಕೆ ತಿರುವಿ ಹಾಕಬೇಕಿತ್ತು. ಶನಿವಾರದ ಪ್ರಾಕ್ಟೀಸಿಗೆ ಕಿತ್ತಳೆ ಹೆಚ್ಚಿ ತರುವವಳು ಅವಳೇ. ಪಂದ್ಯದ ದಿನದ ಊಟವೂ ಅವಳದೇ. ಇದನ್ನೆಲ್ಲ ಮಾಡು ಎಂದು ಯಾರೂ ಹೇಳಿರಲಿಲ್ಲ. ಮೊದಲ ವರ್ಷ ತಾನಾಗಿ ಮಾಡಿದಳು. ಮರುವರ್ಷ ಅವಳೇ ಮಾಡುತ್ತಾಳೆ ಅಂದುಕೊಂಡರು. ಆಮೇಲೆ, ವೈಸ್ ಕ್ಯಾಪ್ಟನ್ ಎಂದರೆ ಊಟ ನೋಡಿಕೊಳ್ಳುವವಳು ಎನ್ನುವುದು ಅಲ್ಲಿನ ಕನ್ನಡ ಸಂಘದ ಪದ್ಧತಿಯೇ ಆಗಿಹೋಯಿತು. ಗಂಡಸರ ಕ್ರಿಕೆಟ್ ತಂಡಕ್ಕೂ ಒಬ್ಬ ವೈಸ್ ಕ್ಯಾಪ್ಟನ್ ಇದ್ದ. ಅವನು ಒಂದು ನಿಂಬೆಹಣ್ಣು ಹೆಚ್ಚಿದ್ದನ್ನೂ ಯಾರೂ ಕಂಡಿರಲಿಲ್ಲ.

ಆಟದಲ್ಲಿ ಊರ್ಮಿಳಾ ಯಾರಿಗೂ ಕಡಿಮೆ ಇರಲಿಲ್ಲ. ನೆಟ್‌ಗಿಂತ ಕೂದಲೆಳೆಯಷ್ಟೇ ಮೇಲೆ ಚೆಂಡು ಹಾಯಿಸಿ, ಎದುರಿನವರು ಕೈ ಚಾಚುವಷ್ಟರಲ್ಲಿ ನೆಲಕ್ಕೆ ಕೂರಿಸುವ ಎಸೆತ ಅವಳದು. ಕಡೂರಿನ ಕಾಲೇಜಿನಲ್ಲೇ ಅದನ್ನು ಕಲಿತಿದ್ದಳು. ಕೊನೆಯ ವರ್ಷ ಅಲ್ಲಿ ಕ್ಯಾಪ್ಟನ್ ಆಗಬೇಕಿತ್ತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಗಂಡು ರಜೆಯ ಮೇಲೆ ಬಂದ; ಅವನ ರಜೆ ಮುಗಿಯುವುದರೊಳಗೆ ಮದುವೆ ಆಗಬೇಕಿತ್ತು. ತಂಡ ಶಿವಮೊಗ್ಗಕ್ಕೆ ಆಡಲು ಹೋದ ದಿನ ಅವಳು ಅರಿಶಿನ ಹಚ್ಚಿಸಿಕೊಂಡು ಕೂತಿದ್ದಳು.

ಆ ಗಂಡು ಪ್ರತಾಪ್. ನಾರ್ವೆಸ್ಟ್‌ನ ಕಂಪನಿಯೊಂದರಲ್ಲಿ ಕೆಲಸ. ಕುಡಿತವಿಲ್ಲ, ಕೂಗಾಟವಿಲ್ಲ. ಹೆಂಡತಿಯನ್ನು ಪ್ರಾಕ್ಟೀಸಿಗೆ ಕಾರಿನಲ್ಲಿ ಬಿಟ್ಟು ಹೋಗುತ್ತಿದ್ದ. "ನಿಮ್ಮೆಜಮಾನ್ರು ಎಷ್ಟು ಸಪೋರ್ಟಿವ್ ರೀ!" ಎಂದು ಉಳಿದ ಹೆಂಗಸರು ಹೇಳಿದಾಗ ಊರ್ಮಿಳಾಗೆ ಹೌದೆನಿಸುತ್ತಿತ್ತು. ವಾರವಿಡೀ ಚೈಲ್ಡ್‌ಕೇರ್ ಸೆಂಟರಿನಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸಿ, ಮನೆಗೆ ಬಂದು ಅಡುಗೆ ಮಾಡಿ, ಮಗಳು ಪ್ರಾರ್ಥನಾಳ ಹೋಮ್‌ವರ್ಕ್ ಮುಗಿಸಿ ಮಲಗುವವಳಿಗೆ ಶನಿವಾರದ ಆ ಎರಡು ಗಂಟೆಯೇ ಸ್ವಂತದ್ದು.

ಎರಡು ಸಾವಿರದ ಏಳನೇ ಇಸವಿಯಲ್ಲಿ ಶ್ರೀವಿದ್ಯಾಳ ಗಂಡನಿಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವಳು ಊರ್ಮಿಳಾಳನ್ನು ತಬ್ಬಿಕೊಂಡು, "ಇನ್ಮೇಲೆ ಟೀಮ್ ನಿನ್ದು ಕಣೇ. ಅಕ್ಟೋಬರ್‌ನಲ್ಲಿ ಮೆಲ್ಬರ್ನ್ ಕಡೆಯಿಂದ ನಾನು ಟಾಸಿಗೆ ಬರ್ತೀನಿ, ಸಿಡ್ನಿ ಕಡೆಯಿಂದ ನೀನು ಬರ್ಬೇಕು" ಅಂದಳು. ಎರಡೂ ಊರಿನ ಕನ್ನಡಿಗರ ನಡುವೆ ವರ್ಷಕ್ಕೊಂದು ಪಂದ್ಯ ನಡೆಯುತ್ತಿತ್ತು. ಆ ವರ್ಷ ಸರದಿ ಮೆಲ್ಬರ್ನಿನದು.

ಅದೇ ಚಳಿಗಾಲದಲ್ಲಿ ನಿಖಿತಾ ಬಂದಳು. ಮೈಸೂರಿನ ಹುಡುಗಿ, ಓದಲು ಬಂದವಳು, ಊರ್ಮಿಳಾಳ ಮನೆಯ ಹಿಂದಿನ ರೂಮಿಗೆ ಬಾಡಿಗೆಗೆ ಸೇರಿದಳು. ಯೂನಿವರ್ಸಿಟಿ ತಂಡಕ್ಕೆ ಆಡಿದ್ದಳಂತೆ. ಅವಳನ್ನು ಪ್ರಾಕ್ಟೀಸಿಗೆ ಕರೆದೊಯ್ದವಳೂ ಊರ್ಮಿಳಾಳೇ.

"ಆಂಟಿ, ನಿಮ್ ಆ ಲೋ ಥ್ರೋ ಹೇಳ್ಕೊಡಿ ಪ್ಲೀಸ್."

"ಮೊದ್ಲು ಆಂಟಿ ಅನ್ನೋದು ಬಿಡು, ಆಮೇಲೆ ಹೇಳ್ಕೊಡ್ತೀನಿ."

"ಸರಿ ಆಂಟಿ."

ಹುಡುಗಿ ಜಿಂಕೆಯಂತೆ ಜಿಗಿಯುತ್ತಿದ್ದಳು. ಆದರೆ ಸೋಲು ಹತ್ತಿರ ಬಂದರೆ ಗಾಬರಿಯಾಗಿ ಚೆಂಡನ್ನು ಹೊರಗೆ ಎಸೆಯುತ್ತಿದ್ದಳು. ಇನ್ನೆರಡು ವರ್ಷದಲ್ಲಿ ಇವಳೇ ಕ್ಯಾಪ್ಟನ್ ಆಗಬಲ್ಲಳು ಎಂದು ಊರ್ಮಿಳಾಗೂ ಅನಿಸಿತ್ತು. ಇನ್ನೆರಡು ವರ್ಷದಲ್ಲಿ.

ಒಂದು ಶುಕ್ರವಾರ ಸಂಜೆ ಸಂಘದ ಅಧ್ಯಕ್ಷ ಸತ್ಯನಾರಾಯಣ ಟೀವಿಯಲ್ಲಿ ಫುಟಿ, ಅಂದರೆ ಅಲ್ಲಿನ ರಗ್ಬಿ ಫುಟ್‌ಬಾಲ್, ನೋಡಲು ಇವರ ಮನೆಗೆ ಬಂದಿದ್ದರು. ಇವರ ಕಡೆಯ ಫುಟ್‌ಬಾಲ್ ತಂಡದ ಹಾಫ್‌ಬ್ಯಾಕ್, ಅಂದರೆ ಇಡೀ ಆಟ ನಡೆಸುವವನು, ಮಂಡಿ ಮುರಿದುಕೊಂಡಿದ್ದ. ಅವನ ಜಾಗಕ್ಕೆ ವರ್ಷಗಟ್ಟಲೆ ಬೆಂಚಿನ ಮೇಲೆ ಕಾದ ಹಳಬನೋ, ನಿನ್ನೆ ಮೊನ್ನೆ ಬಂದ ಹುಡುಗನೋ ಎಂಬುದೇ ನಾರ್ವೆಸ್ಟ್‌ನ ಲಂಚ್‌ರೂಮುಗಳಲ್ಲೆಲ್ಲ ಚರ್ಚೆ.

"ಹುಡುಗನ್ನ ಹಾಕ್ಬೇಕಪ್ಪ. ಕಾಲಲ್ಲಿ ಬೆಂಕಿ ಇದೆ" ಎಂದರು ಸತ್ಯನಾರಾಯಣ.

ಪ್ರತಾಪ್ ಸೋಫಾದಿಂದ ಎದ್ದೇಬಿಟ್ಟ. "ಅದು ಮೋಸ ಸತ್ಯಣ್ಣ! ಇಷ್ಟು ವರ್ಷ ಟವೆಲ್ ಕೊಟ್ಕೊಂಡು, ನೀರು ಕೊಟ್ಕೊಂಡು ಕೂತಿದ್ನಲ್ಲ ಅವ್ನು? ಒಂದ್ ದಿನ ಮುಖ ಸಿಂಡರಿಸ್ಲಿಲ್ಲ. ಈಗ ಚಾನ್ಸ್ ಬಂದಾಗ ಹುಡುಗನಿಗೆ ಕೊಟ್ರೆ, ಅವ್ನ ಹೊಟ್ಟೆ ಮೇಲೆ ಹೊಡ್ದಂಗೆ."

ಬಾಣಲೆಯಲ್ಲಿ ಬಜ್ಜಿ ಮಗುಚುತ್ತಿದ್ದ ಊರ್ಮಿಳಾಗೆ ಗಂಡನ ಮೇಲೆ ಉಕ್ಕಿ ಬಂದ ಪ್ರೀತಿಗೆ ಕಣ್ಣು ಒದ್ದೆಯಾಯಿತು. ಮೊದಲ ಬಜ್ಜಿಗಳನ್ನು ಅವನ ತಟ್ಟೆಗೇ ಹಾಕಿದಳು.

ಆಗಸ್ಟಿನಲ್ಲಿ ಕಮಿಟಿ ಸೇರಿತು. ಅದರಲ್ಲಿ ಇದ್ದ ಒಬ್ಬಳೇ ಹೆಂಗಸು ಶ್ರೀವಿದ್ಯಾ. ಅವಳು ಹೋದ ಮೇಲೆ ಆ ಕುರ್ಚಿ ಖಾಲಿ. ಹೆಂಗಸರ ತಂಡಕ್ಕೆ ಯಾರು ಕ್ಯಾಪ್ಟನ್ ಎಂಬುದನ್ನು ಸತ್ಯನಾರಾಯಣರ ಮನೆಯಲ್ಲಿ ಕೂತು ಗಂಡಸರು ನಿರ್ಧರಿಸಿದರು. ಕಮಿಟಿಯಲ್ಲಿದ್ದ ಪ್ರತಾಪ್ ವಾಪಸು ಬಂದು ಶೂ ಬಿಚ್ಚುತ್ತಾ ಹೇಳಿದ: "ಭಾರಿ ಡಿಸ್ಕಷನ್ ಆಯ್ತು ಊರ್ಮಿ. ಕೊನೆಗೆ ನಿಖಿತಾ ಅಂತಾಯ್ತು. ಯಂಗ್ ಅಲ್ವಾ, ಫ್ಯೂಚರ್ ನೋಡ್ಬೇಕಲ್ಲ. ನೀನು ವೈಸ್."

"ನೀವೇನ್ ಹೇಳಿದ್ರಿ?"

"ನಾನೇನ್ ಹೇಳೋದು, ಗಂಡ ಆಗಿ ನಾನು ಮಾತಾಡಿದ್ರೆ ಚೆನ್ನಾಗಿರತ್ತಾ? ಹಸಿವಾಗ್ತಿದೆ, ಏನಿದೆ?"

ಸಾರಿತ್ತು. ಬಿಸಿ ಮಾಡಿ ಕೊಟ್ಟಳು.

ಸಿಟ್ಟೆಲ್ಲ ಹುಡುಗಿಯ ಮೇಲೆ ತಿರುಗಿತು. ನಿಖಿತಾ ಕಾಲೇಜಿನಿಂದ ಬಂದಾಗ ಮೊದಲಿನಂತೆ "ಬಾ, ಊಟ ಮಾಡು" ಎನ್ನುವುದನ್ನು ನಿಲ್ಲಿಸಿದಳು. ಅವಳ ಪಾಲನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮಲಗುತ್ತಿದ್ದಳು. ಹುಡುಗಿ ಒಬ್ಬಳೇ ಅದನ್ನು ತಿಂದು, ಡಬ್ಬಿ ತೊಳೆದು ಬೋರಲು ಹಾಕಿ, ಸದ್ದಿಲ್ಲದೆ ರೂಮು ಸೇರುತ್ತಿದ್ದಳು. ಕ್ಯಾಪ್ಟನ್ ಆದ ಸಂಭ್ರಮ ಅವಳ ಮುಖದಲ್ಲಿ ಒಂದು ದಿನವೂ ಕಾಣಲಿಲ್ಲ. ಅದನ್ನೂ ಊರ್ಮಿಳಾ ಜಂಬ ಎಂದೇ ಎಣಿಸಿದಳು.

ಅಕ್ಟೋಬರಿನ ಲಾಂಗ್ ವೀಕೆಂಡಿಗೆ ಕಾರುಗಳು ಮೆಲ್ಬರ್ನಿಗೆ ಹೊರಟವು. ಹಿಂದಿನ ವಾರವೆಲ್ಲ ಕೆಲಸದಿಂದ ಬಂದು ಊರ್ಮಿಳಾ ಪುಳಿಯೋಗರೆ ಗೊಜ್ಜು ಕುದಿಸಿದ್ದಳು, ಹೋಳಿಗೆ ತಟ್ಟಿ ಡಬ್ಬಿಗಳಿಗೆ ತುಂಬಿದ್ದಳು, ಜೆರ್ಸಿಗಳನ್ನು ಇಸ್ತ್ರಿ ಮಾಡಿದ್ದಳು. ದಾರಿಯುದ್ದಕ್ಕೂ ಹುಳಿ, ಇಂಗಿನ ವಾಸನೆ. "ಅಮ್ಮ, ದ ಕಾರ್ ಸ್ಮೆಲ್ಸ್!" ಎಂದು ಪ್ರಾರ್ಥನಾ ಕಿಟಕಿಗೆ ಮೂಗು ಹಚ್ಚಿ ಕೂತಿದ್ದಳು.

ಉಳಿದವರೆಲ್ಲ ಒಬ್ಬೊಬ್ಬರ ಮನೆಗೆ ಹಂಚಿಹೋದರು. ಊರ್ಮಿಳಾಳ ಸಂಸಾರ ಶ್ರೀವಿದ್ಯಾಳ ಫ್ಲ್ಯಾಟಿಗೆ. ಬೆಳಿಗ್ಗೆ ಪ್ರತಾಪ್ ನೆಟ್ ಕಟ್ಟಲೆಂದು ಸತ್ಯನಾರಾಯಣರ ಜೊತೆ ಮೊದಲೇ ಹೊರಟ. ಕೆಳಗೆ ಟ್ರಾಮ್ ತಿರುಗುವ ಕಿರುಚು ಇಷ್ಟು ಎತ್ತರಕ್ಕೂ ಕೇಳುತ್ತಿತ್ತು. ಶ್ರೀವಿದ್ಯಾ ಕಾಫಿ ಲೋಟ ತಂದು ಎದುರು ಕೂತಳು.

"ನಿನ್ ಮೇಲೆ ನಂಗೆ ಕೋಪ ಇದೆ, ಹೇಳ್ಬಿಡ್ತೀನಿ. ಯಾಕೆ ಬೇಡ ಅಂದೆ?"

"ಏನ್ ಬೇಡ ಅಂದೆ?"

"ಕ್ಯಾಪ್ಟನ್ ಆಗೋದು. ಸತ್ಯಣ್ಣ ಮೀಟಿಂಗ್‌ಗೆ ಮುಂಚೆ ಫೋನ್ ಮಾಡಿದ್ರು, ಕಣ್ಮುಚ್ಕೊಂಡು ಊರ್ಮಿಳಾನ ಮಾಡಿ ಅಂದೆ. ಎಲ್ರೂ ಒಪ್ಪಿದ್ರಂತೆ. ಆಮೇಲೆ ನೋಡಿದ್ರೆ, 'ಅವಳೇ ಬೇಡ ಅಂದಳಂತಮ್ಮ, ಅಡುಗೆ ನೋಡ್ಕೊಂಡಿರ್ತೀನಿ, ಆ ತಲೆನೋವು ನಂಗ್ಯಾಕೆ ಅಂದಳಂತೆ, ಪ್ರತಾಪ್ ಹೇಳ್ದ' ಅಂತಾರೆ."

ಊರ್ಮಿಳಾ ಲೋಟ ಕೆಳಗಿಟ್ಟಳು. ಯಾರೂ ಅವಳನ್ನು ಕೇಳಿಯೇ ಇರಲಿಲ್ಲ. ಇಡೀ ಕಮಿಟಿ ಅವಳ ಹೆಸರಿಗೆ ತಲೆಯಾಡಿಸಿತ್ತು, ತಳ್ಳಿಹಾಕಿದವನು ಒಬ್ಬನೇ. ಅಂದು ಮನೆಗೆ ಬಂದು, ಅವಳು ಬಿಸಿ ಮಾಡಿ ಕೊಟ್ಟ ಸಾರನ್ನು ಸುರಿದುಕೊಂಡು ಉಂಡವನು.

ಪಂದ್ಯದ ಹಾಲ್‌ಗೆ ಬಂದವಳೇ ನಿಖಿತಾಳನ್ನು ಪಕ್ಕಕ್ಕೆ ಕರೆದಳು. "ನಾನು ಕ್ಯಾಪ್ಟನ್ ಬೇಡ ಅಂದಿದ್ದೆ ಅಂತ ನಿಂಗೂ ಯಾರಾದ್ರೂ ಹೇಳಿದ್ರಾ?"

"ಅಂಕಲ್ಲೇ ಹೇಳಿದ್ರು ಆಂಟಿ." ಹುಡುಗಿಯ ಕಣ್ಣು ತುಂಬಿತು. "ನಂಗೆ ಬೇಡ, ನಾನು ಹೊಸಬಳು ಅಂದೆ. ನೀವೇ ನನ್ ಹೆಸರು ಹೇಳಿದ್ದು ಅಂದ್ರು. ಆಮೇಲೆ ನೀವು ಮಾತೇ ಬಿಟ್ರಿ. ನಾನೇನ್ ತಪ್ಪು ಮಾಡ್ದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಎರಡು ತಿಂಗಳು ಫ್ರಿಜ್ಜಿನ ತಣ್ಣನೆಯ ಅನ್ನ ತಿಂದ ಹುಡುಗಿ. ಊರ್ಮಿಳಾ ಅವಳ ಕೈ ಹಿಡಿದುಕೊಂಡು ನೇರ ಸತ್ಯನಾರಾಯಣರ ಎದುರು ಹೋಗಿ ನಿಂತಳು. ಪ್ರತಾಪ್ ಅಲ್ಲೇ ನೆಟ್ಟಿನ ಹಗ್ಗ ಬಿಗಿಯುತ್ತಿದ್ದ.

"ಸತ್ಯಣ್ಣ, ನಾನು ಯಾವತ್ತೂ ಬೇಡ ಅಂದಿಲ್ಲ. ನನ್ನನ್ನ ಯಾರೂ ಕೇಳೇ ಇಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ಎಲ್ಲರೂ ಪ್ರತಾಪನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ, 'ಹೌದು, ತಪ್ಪಾಯ್ತು' ಎಂದಿದ್ದರೆ ಸಾಕಿತ್ತು. ಊಟದ ಚಿಂತೆಗೋ, ಸೋಮಾರಿತನಕ್ಕೋ, ಬಾಯಿಗೆ ಬಂದದ್ದು ಹೇಳಿಬಿಟ್ಟ ಎಂದು ಅವಳು ನುಂಗಿಕೊಳ್ಳುತ್ತಿದ್ದಳು; ನುಂಗಿಕೊಳ್ಳಲು ಆಗಲೇ ಸಿದ್ಧಳಾಗಿಯೂ ಇದ್ದಳು.

ಪ್ರತಾಪ್ ನಕ್ಕ. ಮನೆಗೆ ಬಂದವರೆಲ್ಲ ಮೆಚ್ಚುವ ಆ ನಗು. "ಮರ್ತಿದಾಳೆ ಸತ್ಯಣ್ಣ. ಅವತ್ತು ಅಡುಗೆಮನೇಲಿ ನಿಂತ್ಕೊಂಡು ಹೇಳಿದ್ಲು. ಅಲ್ವೇನೇ? ಈ ವಾರ ಸರಿಯಾಗಿ ನಿದ್ದೆ ಇಲ್ಲ ಪಾಪ, ಕೆಲಸ ಜಾಸ್ತಿ."

ಊರ್ಮಿಳಾ ಅವನನ್ನೇ ನೋಡಿದಳು. ಅವನ ಕಣ್ಣು ಮಿಟುಕಲೂ ಇಲ್ಲ. ಶ್ರೀವಿದ್ಯಾ "ಸುಳ್ಳು ಹೇಳ್ತಿದಾರೆ" ಎಂದು ಗಟ್ಟಿಯಾಗೇ ಅಂದಳು. ಆದರೆ ಹೆಂಡತಿ ಅಡುಗೆಮನೆಯಲ್ಲಿ ಏನು ಹೇಳಿದಳೆಂಬುದಕ್ಕೆ ಗಂಡನಿಗಿಂತ ದೊಡ್ಡ ಸಾಕ್ಷಿ ಯಾರು? ಸತ್ಯನಾರಾಯಣರು ಗಂಟಲು ಸರಿಮಾಡಿಕೊಂಡರು. "ಸಂಸಾರದಲ್ಲಿ ಇಂಥದ್ದೆಲ್ಲ ಇರತ್ತಮ್ಮ. ಮುಂದಿನ ವರ್ಷ ನೀನೇ. ಮ್ಯಾಚ್ ಶುರು ಮಾಡೋಣ, ಆಯ್ತಾ?"

ನಿಖಿತಾ ಟಾಸಿಗೆ ಹೋದಳು. ಹೋಗುವ ಮೊದಲು ಊರ್ಮಿಳಾಳ ಕಡೆ ತಿರುಗಿ ನಿಂತಳು; ಊರ್ಮಿಳಾ "ಹೋಗು, ಸರ್ವಿಸ್ ತಗೋ" ಎಂದಷ್ಟೇ ಹೇಳಿದಳು. ಆ ದಿನ ಊರ್ಮಿಳಾ ಆಡಿದ ಆಟವನ್ನು ಮೆಲ್ಬರ್ನಿನವರು ಬಹಳ ಕಾಲ ನೆನೆದರು. ಚೆಂಡು ಕೈಗೆ ಬಂದದ್ದೇ ತಡ, ನೆಟ್ಟಿನ ಅಂಚು ಸವರಿ ಆಚೆ ಬಿದ್ದಿರುತ್ತಿತ್ತು. ಕೊನೆಯ ಗೇಮಿನಲ್ಲಿ ಪಾಯಿಂಟುಗಳು ಸಮ ಬಂದು ಒಂದೇ ಪಾಯಿಂಟ್ ಉಳಿದಾಗ ನಿಖಿತಾ ಗಾಬರಿಯಲ್ಲಿ ಎಸೆದ ಚೆಂಡು ಗೆರೆಯಾಚೆ ಹೋಯಿತು. ಸಿಡ್ನಿ ಸೋತಿತು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಊರ್ಮಿಳಾ ಅವಳ ಪಕ್ಕ ಬೆಂಚಿನ ಮೇಲೆ ಕೂತು ಬೆನ್ನು ಸವರುತ್ತಿದ್ದಳು.

ಮೈಕಿನಲ್ಲಿ ಸತ್ಯನಾರಾಯಣರು ಎಲ್ಲರಿಗೂ ವಂದನೆ ಹೇಳಿದರು. "ಇಷ್ಟು ದೂರ ಊಟ ಹೊತ್ತು ತಂದ ನಮ್ಮ ಅನ್ನಪೂರ್ಣೆ ಊರ್ಮಿಳಾ ಅವರಿಗೆ ಜೋರಾಗಿ ಚಪ್ಪಾಳೆ!" ಚಪ್ಪಾಳೆ ಬಿತ್ತು. ಪ್ರತಾಪ್ ಬೆಂಚಿನ ಬಳಿ ಬಂದು ಬಗ್ಗಿದ.

"ಏಳು ಊರ್ಮಿ, ಅನ್ನ ಆಗಿದೆ. ಕಲಸ್ಬೇಕಲ್ಲ? ಜನ ಕಾಯ್ತಿದಾರೆ."

"ನಾನು ಕಲಸಲ್ಲ, ಬಡಿಸಲ್ಲ ಅಂತ ಹೇಳಿದ್ನಲ್ಲ."

"ಯಾವಾಗ ಹೇಳ್ದೆ?"

"ಅವತ್ತು. ಅಡುಗೆಮನೇಲಿ ನಿಂತ್ಕೊಂಡು. ಮರ್ತಿದೀರ."

ಅವನು ಸುತ್ತಲೂ ನೋಡಿದ. ಕೇಳಿಸಿಕೊಂಡವರು ಕೇಳಿಸಿಕೊಂಡಿದ್ದರು. ಶ್ರೀವಿದ್ಯಾ ಏಳಲು ಹೋದವಳು ಮತ್ತೆ ಕೂತಳು; ಅವಳನ್ನು ನೋಡಿ ಮೆಲ್ಬರ್ನಿನ ಹೆಂಗಸರೂ ಕೂತರು. ಕೊನೆಗೆ ಕಮಿಟಿಯ ಗಂಡಸರೇ ಒಳಗೆ ಹೋದರು. ಅನ್ನ ಆರಲು ಬಿಡದೆ, ಬಿಸಿಬಿಸಿಯಲ್ಲೇ ಇದ್ದಬದ್ದ ಗೊಜ್ಜನ್ನೆಲ್ಲ ಸುರಿದು ಕಲಸಿ ಮುದ್ದೆ ಮಾಡಿ ತಂದರು.

ಊರ್ಮಿಳಾಗೆ ಗೆದ್ದೆ ಎನಿಸಲಿಲ್ಲ. ಗಂಡ ಅಷ್ಟು ಸಲೀಸಾಗಿ, ಅಷ್ಟು ಜನರೆದುರು, ಅವಳ ಮುಖ ನೋಡಿಕೊಂಡೇ ಹೇಳಬಲ್ಲ ಎಂದ ಮೇಲೆ ಈ ಹಿಂದೆ ಇನ್ನೇನೇನು, ಎಲ್ಲೆಲ್ಲಿ ಅವಳ ಬಾಯಿಂದ ಹೇಳಿಸಿದ್ದನೋ? ಊರಿಗೆ ಹೋಗಲು ಅವಳಿಗೇ ಇಷ್ಟವಿಲ್ಲ ಎಂದು ಅವಳ ತಾಯಿಗೆ ಬರೆದಿದ್ದನೋ? ಚೈಲ್ಡ್‌ಕೇರಿನ ಅರ್ಧಕ್ಕೆ ನಿಂತ ಕೋರ್ಸು ಮುಂದುವರಿಸುವುದು ಅವಳಿಗೇ ಬೇಡ ಎಂದು ಯಾರಿಗೆ ಹೇಳಿದ್ದನೋ? ಹತ್ತು ವರ್ಷದ ಸಂಸಾರ ಒಮ್ಮೆಲೇ ಅಪರಿಚಿತವಾಗಿ ಕಂಡಿತು.

ಪ್ರಾರ್ಥನಾ ಪೇಪರ್ ತಟ್ಟೆ ಹಿಡಿದು ಬಂದು ಅಮ್ಮನ ಮುಂದೆ ನಿಂತಳು. ಬೆಳಗಿನಿಂದ ಎಲ್ಲವನ್ನೂ ನೋಡಿದ್ದಳು.

"ಅಮ್ಮ, ಡಿಡ್ ಅಪ್ಪ ಲೈ?"

ಮನೆಗೆಲಸಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕೆಲಸವಿದೆ: ಗಂಡನ ತಪ್ಪುಗಳನ್ನು ಮಕ್ಕಳ ಕಣ್ಣಿಗೆ ಬೀಳದಂತೆ ತೊಳೆದು ಮಡಚಿಡುವುದು. ಅಪ್ಪನಿಗೆ ಆಫೀಸಿನ ಟೆನ್ಷನ್ನು, ಅಪ್ಪ ಬೇಕೂಂತ ಮಾಡಲಿಲ್ಲ, ಅಪ್ಪ ಮರೆತುಬಿಟ್ಟರು ಅಷ್ಟೆ. ಅಂಥ ಮಾತುಗಳೆಲ್ಲ ಊರ್ಮಿಳಾಳ ನಾಲಿಗೆಯ ತುದಿಯಲ್ಲೇ ಇದ್ದವು.

"ಹೂಂ ಪುಟ್ಟಿ" ಎಂದಳು. "ಅಪ್ಪ ಸುಳ್ಳು ಹೇಳಿದ್ರು."

ಮಗಳು ದೂರದಲ್ಲಿ ಸೌಟು ಹಿಡಿದು ನಿಂತಿದ್ದ ಅಪ್ಪನ ಕಡೆ ನೋಡಿದಳು. ಆಮೇಲೆ ನಿಖಿತಾಳನ್ನು ಸ್ವಲ್ಪ ಸರಿಸಿ ಅಮ್ಮನ ಪಕ್ಕ ಜಾಗ ಮಾಡಿಕೊಂಡು ಕೂತಳು. ಸಿಡ್ನಿಗೆ ವಾಪಸು ಹೋಗುವ ದಾರಿ ಇಡೀ ದಿನದ್ದಿತ್ತು.