ಸ್ಪ್ಯಾನರ್ ಅಕ್ಕ ಕದ್ದ ಸ್ಕೂಟರ್

ಕೆಟ್ಟುಹೋದ ವಸ್ತು ಕಣ್ಣಿಗೆ ಬಿದ್ದರೆ ಸಾಕು, ಸ್ಪ್ಯಾನರ್ ಅಕ್ಕನ ಕೈ ತುರಿಸುತ್ತದೆ. ನೆಂಟರ ಮನೆಗೆ ಊಟಕ್ಕೆ ಹೋದರೆ ಉಳಿದವರು ಕೈತೊಳೆದು ಕೂರುವಷ್ಟರಲ್ಲಿ ಇವಳು ಸ್ಟೂಲ್ ಹತ್ತಿ ಅವರ ಫ್ಯಾನಿನ ಸ್ಕ್ರೂ ಬಿಗಿ ಮಾಡುತ್ತಿರುತ್ತಾಳೆ. ಹೆರಿಗೆಗೆಂದು ಆಸ್ಪತ್ರೆ ಸೇರಿದವಳು ನೋವಿನ ನಡುವೆಯೂ ಮಂಚದ ಕಿರುಗುಟ್ಟುವ ಚಕ್ರಕ್ಕೆ ಎಣ್ಣೆ ಕೇಳಿದ್ದಳೆಂದು ಅವಳ ಗಂಡ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಕೈಯ ಕಥೆ ಇದಾದರೆ ಬಾಯಿಯದು ಬೇರೆ. ಮಾತಾಡಲು ಮನುಷ್ಯರು ಸಿಗದಿದ್ದರೆ ಸ್ಕೂಟರುಗಳಾದರೂ ಆದೀತು. "ಏನಮ್ಮಾ, ರಾತ್ರಿಯೆಲ್ಲಾ ಕೆಮ್ಮಿದ್ಯಾ?" ಎಂದು ಕೇಳಿಯೇ ಅವಳು ಕಾರ್ಬುರೇಟರಿಗೆ ಕೈ ಹಾಕುವುದು.

ದರ್ಜಿಯ ಅಂಗಡಿಗೂ ಬ್ರೆಡ್ ಅಂಗಡಿಗೂ ನಡುವೆ ಅವಳ ವರ್ಕ್‌ಶಾಪು. ಎರಡು ಗಾಡಿ ಒಳಗೆ ನಿಂತರೆ ಮೂರನೆಯದಕ್ಕೆ ಬೀದಿಯೇ ಗತಿ. ಹಿಂದಿನ ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಗಿರಾಕಿಯ ಕೀಲಿ. ಆ ಗೋಡೆಯೇ ಅವಳ ಹೆಮ್ಮೆ. ಬೇರೆ ಮೆಕ್ಯಾನಿಕ್ಕುಗಳ ಹತ್ತಿರ ಜನ ಗಾಡಿ ತಳ್ಳಿಕೊಂಡು ಬರಬೇಕು. ಇವಳ ಹತ್ತಿರ ಹಿಂದಿನ ಸಂಜೆ ಕೀಲಿ ಕೊಟ್ಟು ಹೋದರಾಯಿತು. ಗಾಡಿ ಎಲ್ಲಿ ನಿಂತಿರುತ್ತದೋ ಅಲ್ಲಿಗೇ ಹೋಗಿ ತಂದು, ರಿಪೇರಿ ಮಾಡಿ, ಯಜಮಾನ ಕೆಲಸ ಮುಗಿಸಿ ಹೊರಬರುವ ಮೊದಲೇ ಇದ್ದ ಜಾಗದಲ್ಲಿ ಇಟ್ಟು ಬರುತ್ತಾಳೆ. ನಂಬರ್ ಪ್ಲೇಟ್ ಅವಳು ನೋಡಿದ್ದೇ ಇಲ್ಲ. "ನಂಬರ್ ನೋಡೋದು ಪೊಲೀಸರ ಕೆಲಸ, ನಾನು ಕಾಯಿಲೆ ನೋಡಿ ಗುರುತು ಹಿಡೀತೀನಿ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಜಂಬ ಯಾವತ್ತಿದ್ದರೂ ಲೆಕ್ಕ ಚುಕ್ತಾ ಮಾಡಿಯೇ ಬಿಡುತ್ತದೆ ನೋಡಿ.

ಹೊಸ ಗಿರಾಕಿಯೊಬ್ಬರು ಬಂದರು, ಹಲ್ಲಿನ ಡಾಕ್ಟರು. "ಕ್ಲಿನಿಕ್ ಮುಂದೆ ಮರದ ಕೆಳಗೆ ನಿಲ್ಲಿಸಿರ್ತೀನಮ್ಮ, ಬೂದು ಬಣ್ಣದ್ದು. ಬ್ರೇಕ್ ಸ್ವಲ್ಪ ನೋಡ್ಬಿಡಿ" ಎಂದು ಕೀಲಿ ಕೊಟ್ಟು ಹೋದರು. ಮಾರನೆಯ ಬೆಳಿಗ್ಗೆ ಅಕ್ಕ ಹೋದಾಗ ಮರದ ಕೆಳಗೆ ಬೂದು ಬಣ್ಣದ ಸ್ಕೂಟರ್ ಒಂದೇ ಒಂದಿತ್ತು. ಕೀಲಿ ಒಳಗೆ ಹೋಗಲು ಕೊಂಚ ಕೊಸರಾಡಿತು. ಹಳೆಯ ಗಾಡಿ, ಸವೆದ ಕೀಲಿ, ಹಾಗೆಯೇ ಇರುತ್ತದೆಂದು ಅಲುಗಾಡಿಸಿ ತಿರುಗಿಸಿದಳು. ತಿರುಗಿತು. ಒದ್ದರೆ ಗಾಡಿ ಹತ್ತು ಸಲ ಕೆಮ್ಮಿ, ಆಮೇಲೆ ಗಡಗಡ ಗಡಗಡ ಎಂದು ತಗಡಿನ ಡಬ್ಬಿ ಮೆಟ್ಟಿಲಿನಿಂದ ಉರುಳಿದ ಹಾಗೆ ಸದ್ದು ಮಾಡುತ್ತ ಹೊರಟಿತು. "ಊರವರ ಹಲ್ಲೆಲ್ಲಾ ಸರಿ ಮಾಡ್ತಾರೆ, ಗಾಡಿ ನೋಡಿದ್ರೆ ಹೀಗಿಟ್ಟಿದ್ದಾರೆ!" ಎಂದು ಅವಳ ಹೊಟ್ಟೆ ಉರಿದುಹೋಯಿತು.

ಬ್ರೇಕು ನೋಡಿ ಅಂದಿದ್ದರು, ಅವಳು ಅಷ್ಟಕ್ಕೇ ನಿಲ್ಲಿಸಿದರೆ ಸ್ಪ್ಯಾನರ್ ಅಕ್ಕ ಹೇಗಾದಾಳು? ಕಾರ್ಬುರೇಟರ್ ಬಿಚ್ಚಿ ತೊಳೆದಳು, ಪ್ಲಗ್ ಬದಲಿಸಿದಳು, ಅಲ್ಲಾಡುತ್ತಿದ್ದ ಸೈಲೆನ್ಸರಿನ ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿದಳು. ಗಡಗಡ ನಿಂತಿತು. ಮಧ್ಯಾಹ್ನ ಹೊಸ ಮದುಮಗಳ ಹಾಗೆ ಹೊಳೆಯುವ ಗಾಡಿಯನ್ನೇರಿ, ಹಾರ್ನ್ ಬಾರಿಸುತ್ತ ಮರದ ಕೆಳಗೆ ಹೋಗಿ ನಿಲ್ಲಿಸಿದಳು. ಅಲ್ಲಿ ಒಬ್ಬ ಪೊಲೀಸಿನವನು, ಪಕ್ಕದಲ್ಲಿ ಎದುರಿನ ಸಂಗೀತ ಶಾಲೆಯ ತುತ್ತೂರಿ ಮೇಷ್ಟ್ರು, ಸುತ್ತ ಕೆಲಸವಿಲ್ಲದ ಮಂದಿ ನಿಂತಿದ್ದರು. ಹಲ್ಲಿನ ಡಾಕ್ಟರು ಅವತ್ತು ಜಾಗ ಸಿಗದೆ ತಮ್ಮ ಗಾಡಿಯನ್ನು ಕ್ಲಿನಿಕ್ಕಿನ ಹಿತ್ತಲಿನಲ್ಲಿ ನಿಲ್ಲಿಸಿದ್ದರು. ಮರದ ಕೆಳಗಿದ್ದದ್ದು ಮೇಷ್ಟ್ರದು.

"ಹೌದು, ನಾನೇ ತಗೊಂಡು ಹೋಗಿದ್ದು!" ಎಂದು ಅಕ್ಕ ಅಭಿಮಾನದಿಂದ ಇಡೀ ಬೀದಿಗೆ ಕೇಳಿಸುವಂತೆ ಹೇಳಿದಳು. ವಿಷಯ ತಲೆಗೆ ಹೋದದ್ದು ಆಮೇಲೆ. ಗಾಡಿ ಸಿಕ್ಕಿತಲ್ಲ, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರು ಕಿಕ್ ಒದ್ದರು. ಒಂದೇ ಒದೆತಕ್ಕೆ ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಮೇಷ್ಟ್ರ ಮುಖ ಕಪ್ಪಿಟ್ಟಿತು. "ಇದು ನನ್ನ ಗಾಡಿ ಅಲ್ಲ! ಪ್ಲೇಟ್ ನಂದು, ಗಾಡಿ ನಂದಲ್ಲ. ಇಂಜಿನ್ ಬದಲಾಯಿಸಿದ್ದಾರೆ!" ಎಂದು ಕೂಗಿದರು. ಉಪಕಾರ ಮಾಡಲು ಹೋಗಿ ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಕಳ್ಳತನದ ದೂರಿಗೆ ಇಂಜಿನ್ ಬದಲಿಸಿದ ಆರೋಪವೂ ಸೇರಿತು. ಕರೆದಾಗ ತರಬೇಕೆಂಬ ಷರತ್ತಿನ ಮೇಲೆ ಪೊಲೀಸರು ಗಾಡಿಯನ್ನು ಮೇಷ್ಟ್ರಿಗೇ ಒಪ್ಪಿಸಿದರು. ಅಕ್ಕ ನಾಳೆ ಬೆಳಿಗ್ಗೆ ಠಾಣೆಗೆ ಬರಬೇಕೆಂದು ಹೇಳಿದರು.

ಅವಳ ಪುಣ್ಯಕ್ಕೆ ನಾದಿನಿ ವಕೀಲೆ. ಕೋರ್ಟಿಗೆ ಕಾಲಿಟ್ಟು ಇನ್ನೂ ವರ್ಷ ತುಂಬಿಲ್ಲ, ಕರಿ ಕೋಟಿನ ಮಡಿಕೆ ಕೂಡ ಬಿಟ್ಟಿಲ್ಲ. ಸುದ್ದಿ ಕೇಳಿದವಳೇ ಓಡಿ ಬಂದು ವರ್ಕ್‌ಶಾಪಿನ ಹಳೆಯ ಟೈರಿನ ಮೇಲೆ ಕೂತಳು.

"ಮೊದಲು ಇದನ್ನ ಹೇಳು" ಎಂದಳು ಅಕ್ಕ. "ನಾನೀಗ ಕಳ್ಳೀನಾ?"

"ಅಲ್ಲ ಅತ್ತಿಗೆ. ದೂರು ಕೊಟ್ಟಿದ್ದಾರೆ ಅಷ್ಟೆ. ಸಾಬೀತಾಗೋ ತನಕ ನೀವು ನಿನ್ನೆ ಏನಾಗಿದ್ರೋ ಇವತ್ತೂ ಅದೇ."

"ಗಾಡಿ ತಗೊಂಡು ಹೋಗಿದ್ದಂತೂ ನಿಜ ತಾನೆ?"

"ತಗೊಂಡು ಹೋದ್ರೆ ಸಾಲ್ದು, ಕದಿಯೋ ಮನಸ್ಸಿರಬೇಕು. ಯಾವ ಕಳ್ಳ ಬ್ರೇಕ್ ಸರಿಮಾಡಿ ವಾಪಸ್ ತಂದು ನಿಲ್ಲಿಸ್ತಾನೆ ಹೇಳಿ?"

"ಅಯ್ಯೋ, ಸರಿಯಾಗಿ ಹೇಳ್ದೆ ಕಣೇ! ನಾಳೆ ಇನ್ಸ್‌ಪೆಕ್ಟರಿಗೆ ಇದನ್ನೇ ಹೇಳ್ತೀನಿ."

"ನೀವು ಹೇಳಲ್ಲ, ನಾನು ಹೇಳ್ತೀನಿ. ನೀವು ಹೆಸರು, ವಿಳಾಸ ಹೇಳಿ ಸುಮ್ನೆ ಕೂತ್ಕೊಳಿ. ಬೀದೀಲಿ ನಿಂತು ಹೇಳಿದ್ದೇ ಸಾಕಾಗಿದೆ. ಅದನ್ನೂ ನಾಳೆ ಕೇಳ್ತಾರೆ."

ಅಕ್ಕನಿಗೆ ಗಾಬರಿಯಾದದ್ದು ಆಗ. ಠಾಣೆಗೆ ಹೋಗುವುದಿರಲಿ, ಅಲ್ಲಿ ಹೋಗಿ ಸುಮ್ಮನಿರುವುದು ಹೇಗೆ? "ಬಾಯಿ ಬಿಡದೆ ಇದ್ರೆ ಏನೋ ಮುಚ್ಚಿಡ್ತಿದ್ದಾಳೆ ಅನ್ಕೊಳಲ್ವಾ?"

"ನಿಮಗೇ ತಿರುಗಿ ಬೀಳೋ ಪ್ರಶ್ನೆಗೆ ಉತ್ತರ ಕೊಡದೆ ಇರೋದು ನಿಮ್ಮ ಹಕ್ಕು. ಸುಮ್ನಿದ್ರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಗಾಬರೀಲಿ ಬಡಬಡಿಸಿದ್ರೆ ಮಾತ್ರ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗತ್ತೆ."

"ಹಿಡಿದು ಒಳಗೆ ಹಾಕಿಬಿಟ್ರೆ?"

"ಯಾಕೆ ಹಿಡಿದ್ವಿ ಅಂತ ಹೇಳಲೇಬೇಕು. ಮನೆಯವರಿಗೆ ತಿಳಿಸಬೇಕು, ವಕೀಲರನ್ನ ನೋಡೋಕೆ ಬಿಡಬೇಕು."

"ವಕೀಲರು ಅಂದ್ರೆ ನೀನೇ ತಾನೆ? ನಿನಗಿಂತ ಸ್ವಲ್ಪ ವಯಸ್ಸಾದೋರು ಯಾರೂ ಸಿಗಲ್ವಾ?"

ನಾದಿನಿ ನಕ್ಕುಬಿಟ್ಟಳು. ಅಕ್ಕನಿಗೂ ನಗು ಬಂತು. ಜಾಮೀನು ತೆಗೆದುಕೊಂಡರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಜನ ಹೇಳುವುದು ಹೌದೇ ಎಂದು ಕೇಳಿದಳು. ಕರೆದಾಗ ಬರುತ್ತೇನೆಂಬ ಭರವಸೆಯಷ್ಟೇ ಅದು, ಜನ ನೂರು ಹೇಳುತ್ತಾರೆ ಎಂದಳು ನಾದಿನಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದೂ ಸೇರಿಸಿದಳು. ಹಾಗಿದ್ದರೆ ಮೇಷ್ಟ್ರ ಮನೆಗೇ ಹೋಗಿ ಕೈಮುಗಿದು ಹೇಳಿಬಿಡಲೇ ಎಂದರೆ, "ಖಂಡಿತ ಬೇಡ! ದೂರು ಕೊಟ್ಟೋರ ಬಾಗಿಲಿಗೆ ಹೋದ್ರೆ ಹೆದರಿಸೋಕೆ ಬಂದ್ಲು ಅಂತಾರೆ. ಆ ಗಾಡೀನೂ ಮುಟ್ಟಬೇಡಿ, ಅದೀಗ ಸಾಕ್ಷಿ" ಎಂದು ಗದರಿದಳು.

ಅಷ್ಟರಲ್ಲಿ ಪಕ್ಕದ ಬ್ರೆಡ್ ಅಂಗಡಿಯವನು ಒಳಗೆ ಬಂದ. ಅಂಗಡಿ ಇಟ್ಟಂದಿನಿಂದಲೂ ನೆರೆಯವನು, ಅಣ್ಣಾ ಎಂದೇ ಕರೆಯುವಷ್ಟು ಸಲಿಗೆ. ಅವಳ ಮುಖ ನೋಡದೆ ಗೋಡೆಯಿಂದ ತನ್ನ ಕೀಲಿ ತೆಗೆದುಕೊಂಡ. "ಏನಿಲ್ಲಮ್ಮ, ಸುಮ್ನೆ... ಸ್ವಲ್ಪ ದಿನ ನನ್ನ ಹತ್ರಾನೇ ಇರ್ಲಿ ಅಂತ" ಎಂದು ಹೇಳಿ ಹೊರಟುಹೋದ. ಅಕ್ಕ ಆ ಮೊಳೆಯನ್ನೇ ನೋಡುತ್ತ ನಿಂತಳು. ಜೈಲಿನ ಹೆದರಿಕೆಯನ್ನು ನಾದಿನಿ ಅರ್ಧ ಇಳಿಸಿದ್ದಳು. ಈ ಖಾಲಿ ಮೊಳೆಗೆ ಯಾವ ಕಾನೂನಿನಲ್ಲೂ ಉತ್ತರವಿರಲಿಲ್ಲ. ಜನ ಕೀಲಿ ಕೊಡದಿದ್ದರೆ ಅವಳ ಕೆಲಸವೇ ಇಲ್ಲ.

"ಇದಕ್ಕೇನ್ ಮಾಡ್ತೀಯೇ ಲಾಯರಮ್ಮ?" ಎಂದು ಕೇಳಿದಳು. ನಾದಿನಿ ಅವಳ ಗ್ರೀಸ್ ಮೆತ್ತಿದ ಕೈ ಹಿಡಿದುಕೊಂಡಳು. ಬಿಳಿ ಅಂಗಿಯ ತೋಳಿಗೆ ಮಸಿಯಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಠಾಣೆಯಲ್ಲಿ ಇನ್ಸ್‌ಪೆಕ್ಟರ ಮುಂದೆ ಕೂತಾಗ ಅಕ್ಕ ತುಟಿ ಎಷ್ಟು ಬಿಗಿಯಾಗಿ ಮುಚ್ಚಿದ್ದಳೆಂದರೆ ಕೆನ್ನೆ ಉಬ್ಬಿತ್ತು. ಸಾಲದ್ದಕ್ಕೆ ಇನ್ಸ್‌ಪೆಕ್ಟರ ಕುರ್ಚಿ ಅವರು ಅಲುಗಾಡಿದಾಗಲೆಲ್ಲ ಕೀಂಯ್ ಎನ್ನುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗಿಟ್ಟು ಅದುಮಿಕೊಂಡು ಕೂತಳು.

"ಏನಮ್ಮಾ, ಇಂಜಿನ್ ಬದಲಾಯಿಸಿ ಹಳೇದನ್ನ ಎಲ್ಲಿ ಮಾರಿದ್ರಿ?"

ಮಾರಿಲ್ಲವೆಂದು ಅಕ್ಕನಿಗೆ ಕೂಗಬೇಕೆನಿಸಿತು. ಆದರೂ ಬಾಯಿ ತೆರೆಯಲಿಲ್ಲ, ನಾದಿನಿಯ ಮುಖ ನೋಡಿದಳು. ಆ ಹುಡುಗಿ ಕರಿ ಕೋಟು ಎಳೆದು ಸರಿಮಾಡಿಕೊಂಡಳು. "ಸರ್, ಇಂಜಿನ್ ಮೇಲೆ ನಂಬರ್ ಕೊರೆದಿರುತ್ತೆ. ಮೊದಲು ಅದನ್ನ ದಾಖಲೆ ಜೊತೆ ಹೋಲಿಸಿ ನೋಡೋಣ. ಹಲ್ಲಿನ ಡಾಕ್ಟರನ್ನೂ ಕರೆಸಿದ್ದೀವಿ, ಅವರ ಕೀಲೀನ ಎರಡೂ ಗಾಡಿಗೆ ಹಾಕಿ ನೋಡಿ" ಎಂದಳು.

ಮೇಷ್ಟ್ರು, ಡಾಕ್ಟರು, ಎಲ್ಲರೂ ಎರಡು ಗಾಡಿಗಳೂ ನಿಂತಿದ್ದ ಅಂಗಳಕ್ಕೆ ಬಂದರು. ಇಂಜಿನ್ನಿನ ನಂಬರು ತಾಳೆಯಾಯಿತು. ಡಾಕ್ಟರ ಸವೆದ ಕೀಲಿ ಅವರ ಗಾಡಿಯಲ್ಲೂ ತಿರುಗಿತು, ಮೇಷ್ಟ್ರ ಗಾಡಿಯಲ್ಲೂ ತಿರುಗಿತು. ಡಾಕ್ಟರು ಕೀಲಿ ಕೊಟ್ಟದ್ದು ನಿಜವೆಂದು ಹೇಳಿಕೆ ಕೊಟ್ಟು, ತಮ್ಮ ಬ್ರೇಕು ಇನ್ನೂ ಹಾಗೇ ಇದೆ ಎಂದು ಮೆಲ್ಲಗೆ ನೆನಪಿಸಿದರು. ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. "ಮೇಷ್ಟ್ರೇ, ಇದರಲ್ಲಿ ಕದಿಯೋ ಉದ್ದೇಶ ಎಲ್ಲಿದೆ ಹೇಳಿ?"

ಮೇಷ್ಟ್ರು ಮಾತ್ರ ಜಗ್ಗಲಿಲ್ಲ. "ನಂಬರ್ ಏನಾದ್ರೂ ಹೇಳ್ಲಿ ಸರ್. ನಿನ್ನೆ ಈ ಗಾಡೀಲಿ ಮನೆಗೆ ಹೋದೆ, ನಮ್ಮಮ್ಮ ಬಾಗಿಲೇ ತೆಗೀಲಿಲ್ಲ!"

ಅವರ ಅಮ್ಮ ಮಗನ ಜೊತೆ ಬಂದು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಪೂರ್ತಿ ಮಂಜಾದ ಮುದುಕಿ. "ಹೇಗೆ ತೆಗೀಲಪ್ಪಾ? ದಿನಾ ಬೀದಿ ಕೊನೇಲಿ ಗಡಗಡ ಕೇಳಿಸುತ್ತೆ, ನಾನು ಎದ್ದು ಗೋಡೆ ಹಿಡ್ಕೊಂಡು ಬಂದು ಚಿಲಕ ತೆಗೆಯೋ ಹೊತ್ತಿಗೆ ಮಗ ಬಂದಿರ್ತಾನೆ. ನಿನ್ನೆ ಸದ್ದೇ ಇಲ್ಲ. ಇದ್ದಕ್ಕಿದ್ದ ಹಾಗೆ ಯಾರೋ ಬಂದು ಬಾಗಿಲು ಬಡಿದ್ರು, ಹೆದರಿಬಿಟ್ಟೆ. ಕೊನೆಗೆ ಇವನು ಹೊರಗೆ ನಿಂತು ತುತ್ತೂರಿ ಊದಿದ ಮೇಲೇ ತೆಗೆದಿದ್ದು" ಎಂದರು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇಷ್ಟು ಹೊತ್ತು ಮನಸ್ಸಿನಲ್ಲೇ ಮೇಷ್ಟ್ರನ್ನು ಆಡಿಕೊಳ್ಳುತ್ತಿದ್ದ ಅಕ್ಕ ತಲೆ ತಗ್ಗಿಸಿದಳು. ತಾನು ಹಲ್ಲು ಕಚ್ಚಿ ಬಿಗಿದ ಪಟ್ಟಿ ಕಣ್ಣ ಮುಂದೆ ಬಂತು. ಅವಳು ಬೆರಳೆತ್ತಿ ಶಾಲೆಯ ಮಗುವಿನ ಹಾಗೆ ನಾದಿನಿಯನ್ನು ಕೇಳಿದಳು: "ಈಗ ಮಾತಾಡ್ಲಾ?"

ನಾದಿನಿ ಯೋಚಿಸಿ ತಲೆಯಾಡಿಸಿದಳು.

"ಅಜ್ಜಿ, ತಪ್ಪು ನಂದೇ. ಆ ಸದ್ದು ನಾನು ಸರಿ ಮಾಡ್ಬಿಟ್ಟೆ. ಒಂದು ಸ್ಪ್ಯಾನರ್ ಕೊಟ್ರೆ ಈಗ್ಲೇ ವಾಪಸ್ ಕೆಡಿಸಿಕೊಡ್ತೀನಿ."

"ಸಾಕ್ಷಿ ಮುಟ್ಟೋ ಹಾಗಿಲ್ಲ!" ಎಂದು ನಾದಿನಿ ಚೀರಿದಳು. ಆಮೇಲೆ ಇನ್ಸ್‌ಪೆಕ್ಟರಿಂದ ಅನುಮತಿ ಬರೆಸಿಕೊಂಡು, ತಾನೇ ಓದಿ, ಅತ್ತಿಗೆಯ ಕೈಯಲ್ಲೂ ಓದಿಸಿದ ಮೇಲೆಯೇ ಬಿಟ್ಟಳು.

ಅಕ್ಕ ನೆಲದ ಮೇಲೆ ಕೂತಳು. ಜನ್ಮದಲ್ಲಿ ಮೊದಲ ಸಲ ಒಂದು ನೆಟ್ಟಗಿದ್ದ ವಸ್ತುವನ್ನು ಕೆಡಿಸಬೇಕಾಗಿತ್ತು. ಕೆಡಿಸುವುದೂ ಸುಲಭವಲ್ಲವೆಂದು ಅವಳಿಗೆ ಅವತ್ತು ಗೊತ್ತಾಯಿತು. ಅರ್ಧ ಸುತ್ತು ಸಡಿಲಿಸಿದಳು. ಮೇಷ್ಟ್ರು ಒದ್ದರು, ಗಡಗಡ ಬಂತು. ಅಜ್ಜಿ ತಲೆ ಅಲ್ಲಾಡಿಸಿದರು: "ಊಹೂಂ, ಇದು ಪಕ್ಕದ ಮನೆಯವರದ್ದು." ಇನ್ನೊಂದು ಕೂದಲೆಳೆಯಷ್ಟು ಸಡಿಲಿಸಿದಳು. ಮೇಷ್ಟ್ರು ಗಾಡಿಯನ್ನು ಗೇಟಿನಾಚೆ ತೆಗೆದುಕೊಂಡು ಹೋಗಿ, ಬೀದಿಯ ಕೊನೆಯಿಂದ ತಿರುಗಿಸಿಕೊಂಡು ಬಂದರು.

ಅಜ್ಜಿ ಕಿವಿಗೊಟ್ಟರು. ಅವರ ಕೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಚಿಲಕ ಹುಡುಕಿತು. "ಬಂದ" ಎಂದರು. "ನನ್ನ ಮಗ ಬಂದ."

ಇನ್ಸ್‌ಪೆಕ್ಟರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮೇಷ್ಟ್ರು ಗಾಡಿಯಿಂದಿಳಿದು ಮೂಗೊರೆಸಿಕೊಂಡು, "ಗಾಡಿ ನಂದೇ ಸರ್. ಬರ್ಕೊಳಿ" ಎಂದರು. ಅವರ ಹೇಳಿಕೆಯೊಂದರಿಂದಲೇ ಎಲ್ಲ ಮುಗಿಯುವುದಿಲ್ಲ, ಮೇಲಿನವರು ಒಪ್ಪಬೇಕು ಎಂದು ನಾದಿನಿ ಅಕ್ಕನ ಕಿವಿಯಲ್ಲಿ ಹೇಳಿದಳು. ಕೆಲವು ದಿನಗಳಲ್ಲಿ ಅದೂ ಆಯಿತು. ಕಳ್ಳತನ ನಡೆದೇ ಇಲ್ಲವೆಂದು ವಿಷಯ ಮುಚ್ಚಿದರು. ಅವತ್ತು ಠಾಣೆಯಿಂದ ಹೊರಡುವ ಮುನ್ನ ಅಕ್ಕ ಇನ್ಸ್‌ಪೆಕ್ಟರ ಕುರ್ಚಿಗೆ ಎಣ್ಣೆ ಬಿಟ್ಟೇ ಬಂದಳು. ನಾದಿನಿ ಎಳೆದರೂ ಕೇಳಲಿಲ್ಲ.

ಮರುದಿನ ವರ್ಕ್‌ಶಾಪಿನ ಮುಂದೆ ಗಡಗಡ ಸದ್ದು ಬಂದು ನಿಂತಿತು. ಮೇಷ್ಟ್ರು ಒಳಗೆ ಬಂದು, ಬ್ರೆಡ್ ಅಂಗಡಿಯವನು ಖಾಲಿ ಮಾಡಿದ ಮೊಳೆಗೇ ತಮ್ಮ ಕೀಲಿ ನೇತುಹಾಕಿದರು. "ಎಲ್ಲಾ ನೋಡ್ಕೊಳಮ್ಮ, ಅದೊಂದನ್ನ ಬಿಟ್ಟು" ಎಂದರು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಬ್ರೆಡ್ ಅಂಗಡಿಯವನು ತಲೆ ಕೆರೆದುಕೊಂಡು ಒಳಬಂದು, "ನಂದು ಎಲ್ಲಿ ಹಾಕ್ಲಿ?" ಎಂದು ಕೇಳಿದ. ಹೇಳುವ ಮಾತು ಅಕ್ಕನ ನಾಲಿಗೆಯ ತುದಿಯಲ್ಲಿ ರಾಶಿ ಇತ್ತು. ಒಂದನ್ನೂ ಹೇಳದೆ ಸುತ್ತಿಗೆ ತೆಗೆದುಕೊಂಡು ಅವನಿಗೊಂದು ಹೊಸ ಮೊಳೆ ಹೊಡೆದಳು.

ಈಗ ಅವಳು ನಂಬರ್ ನೋಡದೆ ಗಾಡಿ ಮುಟ್ಟುವುದಿಲ್ಲ. ಪ್ರತಿ ಸಂಜೆ ಆ ಗಡಗಡ ಬೀದಿಯಲ್ಲಿ ಹಾದುಹೋಗುವಾಗ ಕೈ ತುರಿಸುತ್ತದೆ. ಆಗ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸದ್ದು ದೂರವಾಗುವ ತನಕ ಸುಮ್ಮನೆ ಕೂತು ಕೇಳುತ್ತಾಳೆ. ಅಜ್ಜಿ ಇಷ್ಟು ಹೊತ್ತಿಗೆ ಎದ್ದಿರುತ್ತಾರೆ, ಗೋಡೆ ಹಿಡಿದು ಬಾಗಿಲಿಗೆ ಬರುತ್ತಿರುತ್ತಾರೆ.